ತಾರೆಗಳ ನಡುವಿನ ಧೂಳು ಯಾವ ಕಲ್ಲಿನದು? ಕಂಡುಕೊಳ್ಳುವುದು ಹೀಗೆ

ಹಂಚಿನ ಮನೆಯಲ್ಲಿ ಗಾಜಿನ ಹಂಚಿನಿಂದ ಬಿಸಿಲಕೋಲು ಇಳಿದ ಕಡೆ ಮಾತ್ರ ಧೂಳು ಕಾಣುತ್ತದೆ, ಅಲ್ವಾ? ಆಕಾಶದ ಧೂಳಿಗೂ ಒಂದು ಬೆಳಕು ಬೇಕು.

ಅಕ್ಟೋಬರ್‌ನಲ್ಲಿ, ಅಮಾವಾಸ್ಯೆ ಹತ್ತಿರದ ರಾತ್ರಿ ಎಂಟರ ಹೊತ್ತಿಗೆ ಮಲ್ಪೆ ಕಡಲತೀರದ ಕತ್ತಲೆ ಜಾಗದಲ್ಲಿ ನಿಂತು ನೈಋತ್ಯಕ್ಕೆ ನೋಡಿ. ಧನು ರಾಶಿಯ ಬಳಿ ಆಕಾಶಗಂಗೆಯ ನಡುವೆ ಕಪ್ಪು ಪಟ್ಟಿಗಳಿವೆ. ಅದು ಖಾಲಿ ಜಾಗವಲ್ಲ, ಧೂಳು. ಒಂದು ಕಣ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು.

ಮೊದಲು ಧೂಳಿನ ಹಿಂದಿರುವ ಬೆಳಕನ್ನು ಗೊತ್ತುಮಾಡಿಕೊಳ್ಳಿ. ಎಕ್ಸ್‌ರೇ ಸೂಸುವ ಜೋಡಿತಾರೆಗಳು ಇದಕ್ಕೆ ಹೇಳಿ ಮಾಡಿಸಿದವು. ಧನು ರಾಶಿಯ ಜಿಎಕ್ಸ್ 5-1 ಒಳ್ಳೆಯದು. ನಡುವೆ ಧೂಳು ತೀರಾ ಕಡಿಮೆಯಿದ್ದರೆ ಗುರುತೇ ಮೂಡುವುದಿಲ್ಲ. ಜಾಸ್ತಿಯಾದರೆ ಕಡಿಮೆ ಶಕ್ತಿಯ ಎಕ್ಸ್‌ರೇ ದಾಟಿ ಬರುವುದೇ ಇಲ್ಲ.

ಎಕ್ಸ್‌ರೇಯನ್ನು ನಮ್ಮ ಗಾಳಿ ತಡೆಯುತ್ತದೆ, ಹಾಗಾಗಿ ಉಪಗ್ರಹದ ಮಾಹಿತಿಯೇ ಬೇಕು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೇ ಎಕ್ಸ್‌ರೇ ಉಪಕರಣವಿತ್ತು. ನೆನೆದರೆ ಹೆಮ್ಮೆಯಾಗುತ್ತದೆ. ನಮ್ಮ ಕೆಲಸಕ್ಕೆ 1999ರಲ್ಲಿ ಹಾರಿದ ನಾಸಾದ ಚಂದ್ರಾ ದೂರದರ್ಶಕ ಸಾಕು. ಅದರ ಹಳೆಯ ಮಾಹಿತಿ ಎಲ್ಲರಿಗೂ ಉಚಿತ. ಗ್ರೇಟಿಂಗ್ (ಎಕ್ಸ್‌ರೇಯನ್ನು ಶಕ್ತಿಗೆ ತಕ್ಕಂತೆ ಬಿಡಿಸುವ ಸಣ್ಣ ಗೀರುಗಳ ಜಾಲರಿ) ಬಳಸಿ ತೆಗೆದ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯ ಎಕ್ಸ್‌ರೇ ಎಷ್ಟು ಬಂತೆಂದು ತೋರಿಸುವ ಗೆರೆಚಿತ್ರ, ಇಳಿಸಿಕೊಳ್ಳಿ.

ಈಗ 1.84 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್‌ರೇ ಶಕ್ತಿಯ ಅಳತೆ) ಹತ್ತಿರ ನೋಡಿ. ಅಲ್ಲಿ ಗೆರೆ ಮೆಟ್ಟಿಲಿನಂತೆ ತಟ್ಟನೆ ಇಳಿಯುತ್ತದೆ. ಅದು ಆ ಶಕ್ತಿಯ ಎಕ್ಸ್‌ರೇ ಹೀರಿದ ಸಿಲಿಕಾನ್‌ನ ಗುರುತು. 1.3ರ ಬಳಿ ಮೆಗ್ನೀಸಿಯಂ, 0.7ರ ಬಳಿ ಕಬ್ಬಿಣ. ಮೆಟ್ಟಿಲು ಸಿಕ್ಕಿತೆಂದು ನಿಲ್ಲಬೇಡಿ. ಅದರ ಆಚೆಗಿನ ಸಣ್ಣ ಏರಿಳಿತದಲ್ಲೇ ಗುಟ್ಟಿದೆ. ಎಕ್ಸ್‌ರೇ ಹೀರಿದ ಪರಮಾಣುವಿನಿಂದ ಎಲೆಕ್ಟ್ರಾನ್ ಅಲೆಯಂತೆ ಹೊರಟು, ನೆರೆಯ ಪರಮಾಣುಗಳಿಗೆ ತಾಗಿ ಮರಳುತ್ತದೆ. ತಡೆಗೋಡೆಗೆ ಬಡಿದ ತೆರೆ ಎದುರು ಬರುವ ತೆರೆಯೊಡನೆ ಸೇರಿ ಒಮ್ಮೆ ಏಳುವುದು, ಒಮ್ಮೆ ಅಡಗುವುದು ನೋಡಿದ್ದೀರಲ್ಲ, ಹಾಗೆ. ಅನಿಲದ ಒಂಟಿ ಪರಮಾಣುವಿಗೆ ನೆರೆಹೊರೆಯಿಲ್ಲ, ಈ ಏರಿಳಿತವೂ ಇಲ್ಲ. ಆಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳೆರಡರಲ್ಲೂ ಸಿಲಿಕಾನ್ ಇದ್ದರೂ ಸುತ್ತಲಿನ ಜೋಡಣೆ ಬೇರೆ, ಆದ್ದರಿಂದ ಗೆರೆಯೂ ಬೇರೆ.

ಇಲ್ಲೊಂದು ಎಚ್ಚರ. ಚಂದ್ರಾದ ಕ್ಯಾಮೆರಾವನ್ನೂ ಸಿಲಿಕಾನ್‌ನಿಂದಲೇ ಮಾಡಿದ್ದಾರೆ. ಅದರ ಮೆಟ್ಟಿಲೂ ಅಲ್ಲೇ ಬೀಳುತ್ತದೆ. ಕ್ಯಾಮೆರಾದ ಈ ಪ್ರಭಾವವನ್ನು ಸರಿಪಡಿಸುವ ಕ್ಯಾಲಿಬ್ರೇಶನ್ ಫೈಲ್ ಸೇರಿಸದಿದ್ದರೆ ಕ್ಯಾಮೆರಾವನ್ನೇ ಧೂಳು ಅಂದುಕೊಳ್ಳುತ್ತೀರಿ.

ಕೊನೆಗೆ ಹೋಲಿಕೆ. ನಿಜವಾದ ಖನಿಜಗಳನ್ನು ಸಿಂಕ್ರೊಟ್ರಾನ್‌ನಲ್ಲಿ (ಪ್ರಬಲ ಎಕ್ಸ್‌ರೇ ಕೊಡುವ ಯಂತ್ರದಲ್ಲಿ) ಅಳೆದು ತೆಗೆದ ಗೆರೆಗಳು ಸ್ಪೆಕ್ಸ್ ಎಂಬ ಉಚಿತ ಪ್ರೋಗ್ರಾಂನಲ್ಲಿವೆ. ಮೊದಲು ಒಂದೇ ಖನಿಜ ಹಾಕಿ ನೋಡಿ, ಆಮೇಲೆ ಎರಡು. ಹೊಂದಿಕೆ ಸುಧಾರಿಸದಿದ್ದರೆ ಸುಮ್ನೆ ಮೂರನೆಯದನ್ನು ಸೇರಿಸಬೇಡಿ. ಹರಳಿನ ಏರಿಳಿತ ಚೂಪು, ಗಾಜಿನಂಥ ಕಣದ್ದು ಮೊಂಡು. ಇದು ತಿಳಿಯಲು ಒಂದು ವೀಕ್ಷಣೆ ಸಾಲದಿದ್ದರೆ ಅದೇ ತಾರೆಯ ಇನ್ನೊಂದು ದಿನದ ಮಾಹಿತಿಯನ್ನೂ ಜೊತೆಗಿಟ್ಟು ನೋಡಿ.