ಬಾಲ್ಯದ ಆ ವಿಚಿತ್ರ ತಿನಿಸನ್ನು ಮತ್ತೆ ಒಲೆಗೇರಿಸುವುದು ಹೇಗೆ?

ಬಹುತೇಕ ಮನೆಗಳಲ್ಲಿ ಅತಿಥಿಗಳಿಗೆ ಬಡಿಸದ ಒಂದು ತಿನಿಸು ಇರುತ್ತದೆ. ಅದಕ್ಕೆ ಮನೆಯವರೇ ಇಟ್ಟ ಹೆಸರಿರುತ್ತದೆ, ಯಾವ ಪಾಕಪುಸ್ತಕದಲ್ಲಿಯೂ ಅದು ಸಿಗುವುದಿಲ್ಲ, ಹೊರಗಿನವರು ಅದರ ವಿವರ ಕೇಳಿದರೆ ಮೂಗು ಮುರಿಯುತ್ತಾರೆ. ಆದರೆ ಆ ಮನೆಯಲ್ಲಿ ಬೆಳೆದ ಮಕ್ಕಳು ನಡುವಯಸ್ಸಿಗೆ ಬಂದ ಮೇಲೂ ಅದನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ. ದೊಡ್ಡವರಾದ ಮೇಲೆ ಒಮ್ಮೆ ಅದನ್ನು ಮಾಡಲು ಹೊರಟು, ಸೋತು, ‘ಅದು ಅಮ್ಮನ ಕೈಗುಣ, ನಮಗೆಲ್ಲಿ ಬರಬೇಕು’ ಎಂದು ಬಿಟ್ಟುಬಿಡುವವರೇ ಹೆಚ್ಚು. ಕೈಗುಣ ಇಲ್ಲವೆಂದಲ್ಲ. ಆದರೆ ಅದರ ಬಹುಪಾಲು ಪಾತ್ರೆಯ ದಪ್ಪ, ಉರಿಯ ಪ್ರಮಾಣ, ಉಪ್ಪಿನ ತೂಕ, ಕಾಯುವ ಹೊತ್ತು ಎಂಬ ಅಳೆಯಬಹುದಾದ ಸಂಗತಿಗಳಲ್ಲಿಯೇ ಅಡಗಿದೆ. ತಾಳ್ಮೆಯಿದ್ದರೆ ಅವನ್ನು ಒಂದೊಂದಾಗಿ ಹೊರತೆಗೆಯಬಹುದು.

ವಿವರಣೆಗೆ ಅನುಕೂಲವಾಗಲೆಂದು ಒಂದು ತಿನಿಸನ್ನು ಕಲ್ಪಿಸಿಕೊಳ್ಳೋಣ. ಒಣಗಿದ ಬ್ರೆಡ್ಡಿನ ತುಂಡುಗಳನ್ನು ಕುದಿಯುವ ಹಾಲಿಗೆ ಹಾಕಿ, ಸಕ್ಕರೆ ಮತ್ತು ಚಿಟಿಕೆ ಉಪ್ಪು ಬೆರೆಸಿ, ಪೂರ್ತಿ ಮುದ್ದೆಯಾಗುವ ಮೊದಲೇ ಬಟ್ಟಲಿಗೆ ಸುರಿದುಕೊಂಡು ತಿನ್ನುವುದು. ಕೇಳುವುದಕ್ಕೆ ಇಷ್ಟೇ. ಆದರೂ ಇಂದು ಒಳ್ಳೆಯ ಹಾಲು, ಮೆತ್ತನೆಯ ಬ್ರೆಡ್ಡು ತಂದು ಮಾಡಿದರೆ ಸಪ್ಪೆಯಾದ ಗಂಜಿಯಂತಹ ಏನೋ ಒಂದು ಸಿದ್ಧವಾಗುತ್ತದೆಯೇ ಹೊರತು ಬಾಲ್ಯದ ರುಚಿ ಬರುವುದಿಲ್ಲ.

ಮೊದಲು ಬರೆಯಿರಿ, ಆಮೇಲೆ ಕೇಳಿ

ಯಾರನ್ನಾದರೂ ಕೇಳುವ ಮೊದಲು, ಒಲೆ ಹಚ್ಚುವುದಕ್ಕೂ ಮೊದಲು, ನಿಮಗೆ ನೆನಪಿರುವುದನ್ನೆಲ್ಲ ಕಾಗದಕ್ಕೆ ಇಳಿಸಬೇಕು. ಅಕ್ಕನೋ ತಮ್ಮನೋ ಹೇಳಿದ ಒಂದು ವಿವರ ಕಿವಿಗೆ ಬಿದ್ದ ಕೂಡಲೇ ಅದು ನಿಮ್ಮ ನೆನಪಿನಲ್ಲಿಯೂ ಸೇರಿಕೊಳ್ಳುತ್ತದೆ; ಆಮೇಲೆ ಯಾವುದು ಯಾರದೆಂದು ಬಿಡಿಸುವುದು ಕಷ್ಟ. ಬರೆಯುವಾಗ ಸಾಮಗ್ರಿಗಳ ಪಟ್ಟಿಯಿಂದ ಆರಂಭಿಸಬೇಡಿ, ಏಕೆಂದರೆ ಮಗುವಾಗಿದ್ದ ನಿಮಗೆ ಸಾಮಗ್ರಿಗಳು ಗೊತ್ತಿರಲಿಲ್ಲ. ತಿನಿಸು ಬಿಸಿಯಾಗಿತ್ತೇ, ಆರಿತ್ತೇ? ಚಮಚದಲ್ಲಿ ತಿಂದಿರೋ, ಕೈಯಲ್ಲೋ? ಹಲ್ಲಿಗೆ ಸಿಗುತ್ತಿದ್ದದ್ದು ಏನು? ಯಾವ ಹೊತ್ತಿನಲ್ಲಿ ಮಾಡುತ್ತಿದ್ದರು, ಎಷ್ಟು ಹಸಿದಿರುತ್ತಿದ್ದಿರಿ, ಪಾತ್ರೆಯ ಯಾವ ಭಾಗಕ್ಕಾಗಿ ಜಗಳವಾಗುತ್ತಿತ್ತು? ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು. ಮಕ್ಕಳು ಕಿತ್ತಾಡುತ್ತಿದ್ದ ಭಾಗದಲ್ಲಿಯೇ ಆ ತಿನಿಸಿನ ಜೀವ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಪಾತ್ರೆಯ ತಳದಿಂದ ಕೆರೆದು ತೆಗೆಯುತ್ತಿದ್ದ ಕಂದು ಪದರ ಎಂದಿಟ್ಟುಕೊಳ್ಳಿ.

ವಾಸನೆಗೆ ಒಂದು ಪುಟವನ್ನೇ ಮೀಸಲಿಡಿ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಅಗಿಯುವಾಗ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಆವಿ ಆ ಕೆಲಸ ಮಾಡುತ್ತದೆ. ಮೂಗು ಹಿಡಿದುಕೊಂಡು ಒಂದು ತುತ್ತು ತಿಂದು, ಆಮೇಲೆ ಮೂಗು ಬಿಟ್ಟರೆ ಇದು ಸ್ವತಃ ಗೊತ್ತಾಗುತ್ತದೆ. ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳ ಜೀನ್‌ಗಳ ದೊಡ್ಡ ಕುಟುಂಬವೊಂದನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರಲ್ಲಿ ಇಂತಹ ಗ್ರಾಹಕಗಳು ಸುಮಾರು 400 ಬಗೆಯವಿವೆ. ಅಷ್ಟೆಲ್ಲ ವ್ಯವಸ್ಥೆಯಿದ್ದರೂ ವಾಸನೆಗೆ ಹೆಸರಿಡುವುದರಲ್ಲಿ ನಾವು ದುರ್ಬಲರು. ಆದ್ದರಿಂದ ಹೆಸರು ಹುಡುಕಬೇಡಿ, ಹೋಲಿಕೆ ಬರೆಯಿರಿ: ‘ಇಸ್ತ್ರಿ ಮಾಡಿದ ಬಟ್ಟೆಯಂತೆ’, ‘ಮಳೆ ನಿಂತ ಮೇಲಿನ ಸೌದೆಯಂತೆ’ ಎಂದು ಬರೆದರೂ ಸಾಕು. ಮುಂದೆ ಒಲೆಯ ಮುಂದೆ ನಿಂತಾಗ ದಾರಿ ತೋರಿಸುವುದು ಇವೇ.

ಕೇಳುವ ಕ್ರಮ

‘ಹೇಗೆ ಮಾಡುತ್ತಿದ್ದೆ?’ ಎಂದು ಕೇಳಿದರೆ ‘ಅದರಲ್ಲೇನಿದೆ, ಹಾಲು ಕಾಯಿಸಿ ಹಾಕುವುದು’ ಎಂಬ ಉತ್ತರ ಬರುತ್ತದೆ. ಮಾಡಿದವರಿಗೆ ಅದು ಅಡುಗೆಯೆಂದೇ ಅನ್ನಿಸಿರುವುದಿಲ್ಲ. ಅದರ ಬದಲು ‘ಯಾವ ದಿನ ಮಾಡುತ್ತಿದ್ದೆ?’, ‘ಅಂದು ಮನೆಯಲ್ಲಿ ಏನು ಮುಗಿದುಹೋಗಿರುತ್ತಿತ್ತು?’, ‘ಏನು ಉಳಿದಿರುತ್ತಿತ್ತು?’ ಎಂದು ಕೇಳಬೇಕು. ಒಡಹುಟ್ಟಿದವರನ್ನು ಒಟ್ಟಿಗೆ ಕೂರಿಸಿ ಕೇಳಬಾರದು; ಬೇರೆ ಬೇರೆಯಾಗಿ ಕೇಳಿ, ಇಬ್ಬರು ತಾವಾಗಿಯೇ ಹೇಳಿದ ಒಂದೇ ವಿವರಕ್ಕೆ ಹೆಚ್ಚಿನ ಬೆಲೆ ಕೊಡಬೇಕು.

ಮಾಡುತ್ತಿದ್ದವರು ಈಗಲೂ ಒಲೆಯ ಮುಂದೆ ನಿಲ್ಲಬಲ್ಲವರಾಗಿದ್ದರೆ ಮಾತಿಗಿಂತ ಕೈ ಹೆಚ್ಚು ಹೇಳುತ್ತದೆ. ಕಣ್ಣಳತೆಯಲ್ಲಿ ಹಾಕುವವರ ಮುಂದೆ ಚಮಚ ಹಿಡಿದು ‘ಇದರಲ್ಲಿ ಅಳೆದು ಹಾಕು’ ಎಂದರೆ ಅವರ ಕೈಯೇ ತಡವರಿಸಿ ಹದ ತಪ್ಪುತ್ತದೆ. ಸುಲಭವಾದ ಉಪಾಯವೆಂದರೆ ಉಪ್ಪಿನ ಡಬ್ಬಿ, ಸಕ್ಕರೆಯ ಡಬ್ಬಿಗಳನ್ನು ಅಡುಗೆಗೆ ಮೊದಲು ತೂಗಿಡುವುದು, ಅವರು ತಮ್ಮ ಪಾಡಿಗೆ ಮಾಡಿ ಮುಗಿಸಿದ ಮೇಲೆ ಮತ್ತೆ ತೂಗುವುದು. ಕಡಿಮೆಯಾದಷ್ಟೇ ಅಳತೆ. 1 ಗ್ರಾಂ ನಿಖರತೆಯ ತಕ್ಕಡಿ ಸಕ್ಕರೆಗೆ ಸಾಕು. ಉಪ್ಪಿಗೆ ಇನ್ನೂ ಸೂಕ್ಷ್ಮವಾದದ್ದು ಬೇಕು. ಚಮಚವನ್ನು ಮೇಲ್ಮಟ್ಟಕ್ಕೆ ಸವರಿ ಅಳೆಯುವ ಪದ್ಧತಿಯನ್ನು ಅಮೆರಿಕದ ಫ್ಯಾನಿ ಫಾರ್ಮರ್ 1896ರ ತಮ್ಮ ಪಾಕಪುಸ್ತಕದಿಂದ ಜನಪ್ರಿಯಗೊಳಿಸಿದರು, ಅದರಿಂದ ಅಡುಗೆ ಕಲಿಯುವವರಿಗೆ ದೊಡ್ಡ ಉಪಕಾರವಾಯಿತು. ಆದರೆ ಉಪ್ಪಿನ ವಿಷಯದಲ್ಲಿ ಚಮಚವೂ ಮೋಸಮಾಡುತ್ತದೆ. ನುಣ್ಣನೆಯ ಪುಡಿಯುಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗಿದರೆ, ಹಗುರವಾದ ಚಕ್ಕೆಯುಪ್ಪು ಅದರ ಅರ್ಧದಷ್ಟೇ ತೂಗಬಹುದು.

ಕೊರತೆಯನ್ನು ಹುಡುಕಿ

ಇಡೀ ಕೆಲಸದ ಕೀಲಿಕೈ ಇಲ್ಲಿದೆ. ವಿಚಿತ್ರವಾದ ಮನೆತಿನಿಸುಗಳು ಯಾರೋ ಕುಳಿತು ಯೋಚಿಸಿ ರೂಪಿಸಿದವಲ್ಲ. ಏನೋ ಮುಗಿದಿತ್ತು, ಏನೋ ಉಳಿದಿತ್ತು, ಏನೋ ಕೈತಪ್ಪಿತ್ತು, ಅಥವಾ ಒಂದು ಮಗು ಬೇರೇನನ್ನೂ ತಿನ್ನಲು ಒಪ್ಪುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅದರ ನಂತರವೂ ಬ್ರಿಟನ್ನಿನಲ್ಲಿ 1940ರಿಂದ 1954ರವರೆಗೆ ಆಹಾರದ ಪಡಿತರ ಜಾರಿಯಲ್ಲಿದ್ದಾಗ, ಬಾಳೆಹಣ್ಣು ಸಿಗದ ಮನೆಗಳಲ್ಲಿ ಪಾರ್ಸ್‌ನಿಪ್ ಎಂಬ ಬಿಳಿಯ ಗಡ್ಡೆಯನ್ನು ಬೇಯಿಸಿ ಕಿವುಚಿ, ಸಕ್ಕರೆಯನ್ನೂ ಬಾಳೆಹಣ್ಣಿನ ಪರಿಮಳದ ದ್ರವವನ್ನೂ ಬೆರೆಸಿ ಬ್ರೆಡ್ಡಿಗೆ ಹಚ್ಚುತ್ತಿದ್ದರು. ಅಂತಹ ತಿನಿಸನ್ನು ಮರಳಿ ಮಾಡಲು ಹೊರಟವರು ನಿಜವಾದ ಬಾಳೆಹಣ್ಣು ಹಾಕಿ ‘ಸುಧಾರಿಸಿದರೆ’ ಅದು ಬೇರೆಯೇ ತಿನಿಸಾಗುತ್ತದೆ. ಬಾಲ್ಯದ ರುಚಿಯನ್ನು ಮರಳಿ ತರುವವರಿಗೆ ಒಳ್ಳೆಯ ಸಾಮಗ್ರಿಯೇ ದೊಡ್ಡ ಅಡ್ಡಿ ಎಂದು ನಾನು ನಂಬುತ್ತೇನೆ.

ಉಳಿಕೆಯ ವಿಷಯವೂ ಹೀಗೆಯೇ. ಬೆಂದ ಅನ್ನವಾಗಲಿ, ಬ್ರೆಡ್ಡಾಗಲಿ ಆರಿದ ಮೇಲೆ ಅದರಲ್ಲಿನ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಹೊಂದಿಕೊಂಡು ಗಟ್ಟಿಯಾಗುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಹಳತಾದ ಬ್ರೆಡ್ಡು ಹಾಲನ್ನು ಹೀರಿಕೊಂಡೂ ಆಕಾರ ಉಳಿಸಿಕೊಳ್ಳುವುದು, ಹೊಸ ಬ್ರೆಡ್ಡು ಕೂಡಲೇ ಕರಗಿಹೋಗುವುದು ಇದರಿಂದಲೇ. ಇಂದಿನ ಪೊಟ್ಟಣದ ಬ್ರೆಡ್ಡುಗಳಲ್ಲಿ ಮೆತ್ತಗಿರಲೆಂದು ಬೆರೆಸುವ ಪದಾರ್ಥಗಳಿರುವುದರಿಂದ ಎರಡು ದಿನವಾದರೂ ಅವು ಹಳತಾಗುವುದಿಲ್ಲ. ಅವನ್ನು ತುಂಡರಿಸಿ, ಹೊದಿಕೆಯಿಲ್ಲದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಒಣಗಿಸಬೇಕಾಗುತ್ತದೆ. ಹಾಲಿಗೂ ಇದೇ ಮಾತು ಸಲ್ಲುತ್ತದೆ. ಕೊಬ್ಬಿನ ಹನಿಗಳನ್ನು ಯಂತ್ರದಲ್ಲಿ ಒಡೆದು ಸಮನಾಗಿ ಹರಡಿದ ಹಾಲಿನಲ್ಲಿ ಮೊದಲಿನಂತೆ ದಪ್ಪನೆಯ ಕೆನೆ ಕಟ್ಟುವುದಿಲ್ಲ.

ಇನ್ನೊಂದು ಮೂಲವನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಅಜ್ಜಿಯ ಗುಟ್ಟು ಎಂದು ಮನೆತನ ಕಾಪಾಡಿಕೊಂಡು ಬಂದ ಎಷ್ಟೋ ಪಾಕಗಳು ಯಾವುದೋ ಡಬ್ಬಿಯ ಹಿಂಬದಿಯಲ್ಲಿ ಮುದ್ರಿತವಾಗಿದ್ದವು. ಅಂತಹ ಸುಳಿವು ಸಿಕ್ಕರೆ ನಾಚಿಕೊಳ್ಳಬೇಕಿಲ್ಲ, ಆ ಡಬ್ಬಿಯನ್ನೇ ಹುಡುಕಬೇಕು; ತಯಾರಕರು ಕಾಲಕ್ರಮೇಣ ಒಳಗಿನ ಮಿಶ್ರಣವನ್ನು ಬದಲಿಸಿರಬಹುದೆಂಬ ಎಚ್ಚರವೂ ಇರಲಿ.

ಪಾತ್ರೆ, ಉರಿ, ನೀರು

ನಮ್ಮ ಉದಾಹರಣೆಯ ಗುಟ್ಟು ಇಲ್ಲಿ ಬಯಲಾಗುತ್ತದೆ. ಬಾಲ್ಯದ ಮನೆಯ ತೆಳುವಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಬೇರೆ ಕೆಲಸದ ನಡುವೆ ಕೈಯಾಡಿಸಲು ಪುರಸೊತ್ತಿಲ್ಲದವರು ಕಾಯಿಸಿದ ಹಾಲು ಪ್ರತಿ ಸಲವೂ ತಳ ಹಿಡಿಯುತ್ತಿತ್ತು. ಇಂದಿನ ದಪ್ಪ ತಳದ, ಅಂಟದ ಪಾತ್ರೆಯಲ್ಲಿ ಅದು ತಳ ಹಿಡಿಯುವುದಿಲ್ಲ. ತಪ್ಪೆಂದು ಭಾವಿಸಿದ್ದೇ ತಿನಿಸಿನ ಮುಖ್ಯ ರುಚಿಯಾಗಿತ್ತು.

ಹಾಲಿನ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಕಾವಿನಲ್ಲಿ ಕೂಡಿ ಕಂದು ಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುವ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ಇದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚುರುಕಾಗಿ ನಡೆಯುತ್ತದೆ. ನೀರಿರುವವರೆಗೆ ತಿನಿಸಿನ ಕಾವು 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ, ಪದರ ಒಣಗುವ ಕಡೆ, ಅಂದರೆ ಪಾತ್ರೆಯ ತಳದಲ್ಲಿ ಮತ್ತು ಅಂಚಿನಲ್ಲಿ ಮಾತ್ರ ಬೇಗನೆ ಕಂದಾಗುತ್ತದೆ. ಆದ್ದರಿಂದ ತೆಳುತಳದ ಪಾತ್ರೆಯನ್ನೇ ಹುಡುಕಿಕೊಳ್ಳಿ. 500 ಮಿಲಿಲೀಟರ್ ಹಾಲನ್ನು ಮಧ್ಯಮ ಉರಿಯಲ್ಲಿಟ್ಟು, ಉಕ್ಕಿ ಬಾರದಂತೆ ನೋಡಿಕೊಳ್ಳುತ್ತ, ತಳವನ್ನು ಕಲಕದೆ 350 ಮಿಲಿಲೀಟರಿಗೆ ಇಳಿಸಿ. ತಳದಲ್ಲಿ ಕಂದು ಪದರ ಕಟ್ಟಿದ ಮೇಲೆ ಮರದ ಸೌಟಿನಿಂದ ಕೆರೆದು ಹಾಲಿಗೆ ಬೆರೆಸಿ, 40 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು ಹಾಕಿ, ಒಲೆ ಆರಿಸಿ, 120 ಗ್ರಾಂ ಒಣ ಬ್ರೆಡ್ಡಿನ ತುಂಡುಗಳನ್ನು ಸೇರಿಸಿ ಎರಡು ನಿಮಿಷ ಮುಚ್ಚಿಡಿ. ಪದರ ಕಪ್ಪಾದರೆ ಕಹಿಯಾಗುತ್ತದೆ, ಆಗ ಕೆರೆಯದೆ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು.

ನಿಮ್ಮ ತಿನಿಸು ಬೇರೆಯಿದ್ದರೆ ಬೇರೆ ಪ್ರಶ್ನೆಗಳಿರುತ್ತವೆ. ಹುಳಿಯಿರುವುದನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಣ್ಣ ಕಪ್ಪಾಗಿ ಲೋಹದ ವಾಸನೆ ಬರುತ್ತದೆ, ಮಕ್ಕಳು ಅದನ್ನೂ ರುಚಿಯೆಂದೇ ನೆನಪಿಟ್ಟುಕೊಂಡಿರುತ್ತಾರೆ. ಸಮುದ್ರಮಟ್ಟದಿಂದ 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಗಡಸು ನೀರಿನಲ್ಲಿ ಕಾಳುಗಳು ಬೇಗ ಮೆತ್ತಗಾಗುವುದಿಲ್ಲ. ಮನೆ ಬದಲಾದ ಮೇಲೆ ಹದ ಬದಲಾಗಿದ್ದರೆ ಇವೆರಡನ್ನೂ ಗಮನಿಸಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ

ಪ್ರತಿ ಪ್ರಯತ್ನವನ್ನೂ ಕಾಲು ಅಳತೆಯಲ್ಲಿ ಮಾಡಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಸಕ್ಕರೆಯನ್ನೂ ಪಾತ್ರೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲ ಎರಡು ತುತ್ತುಗಳ ಅಭಿಪ್ರಾಯವನ್ನೇ ನಂಬಿ, ಆಮೇಲೆ ನಾಲಿಗೆ ದಣಿಯುತ್ತದೆ. ಉಪ್ಪಿನ ತಿನಿಸಾದರೆ ಒಟ್ಟು ತೂಕದ ಶೇ 1ರಷ್ಟು ಉಪ್ಪಿನಿಂದ ಆರಂಭಿಸಿ ಹೆಚ್ಚುಕಡಿಮೆ ಮಾಡಬಹುದು. ಸಿಹಿಯಾದರೆ ಈಗಿನ ನಾಲಿಗೆ ಒಪ್ಪುವುದಕ್ಕಿಂತ ಹೆಚ್ಚು ಸಿಹಿಯಿರುವ ಒಂದು ಬಟ್ಟಲನ್ನೂ ಮಾಡಿ ನೋಡಿ. ಮಕ್ಕಳು ದೊಡ್ಡವರಿಗಿಂತ ಹೆಚ್ಚಿನ ಸಿಹಿಯನ್ನು ಬಯಸುತ್ತಾರೆ, ನೀವು ಹುಡುಕುತ್ತಿರುವುದು ಆ ನಾಲಿಗೆಯ ರುಚಿಯನ್ನು. ಎಲ್ಲ ಸರಿಯಿದ್ದೂ ‘ಏನೋ ಕಡಿಮೆ’ ಎನ್ನಿಸಿದರೆ ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟ, ಸಾರಿನಂತಹ ತುಂಬು ರುಚಿಯನ್ನು ನೆನೆಯಬೇಕು. ಮಾಗಿದ ಟೊಮೆಟೊ, ಅಣಬೆ, ಹಳೆಯ ಚೀಸ್, ಅಂಗಡಿಯ ಸೂಪ್ ಪುಡಿ ಇವುಗಳಲ್ಲಿ ಯಾವುದೋ ಒಂದು ಮೂಲ ತಿನಿಸಿನೊಳಗೆ ಸೇರಿಕೊಂಡಿದ್ದಿರಬಹುದು.

ಎರಡು ಬಗೆಗಳ ನಡುವೆ ನಿಜವಾಗಿಯೂ ವ್ಯತ್ಯಾಸವಿದೆಯೇ ಎಂಬ ಸಂಶಯ ಬಂದರೆ ಮೂರು ಬಟ್ಟಲುಗಳನ್ನಿಡಿ, ಎರಡರಲ್ಲಿ ಒಂದೇ ಬಗೆ, ಒಂದರಲ್ಲಿ ಇನ್ನೊಂದು. ಯಾವುದು ಬೇರೆಯೆಂದು ಕಣ್ಣು ಮುಚ್ಚಿ ಹೇಳಲಿ. ಮೂರರಲ್ಲಿ ಒಂದು ಸಲ ಊಹೆಯೂ ಸರಿಯಾಗುವುದರಿಂದ ಹಲವು ಬಾರಿ ಪರೀಕ್ಷಿಸಬೇಕು.

ಮರಳಿ ತರಬಾರದವು

ಕೆಲವು ಅಭ್ಯಾಸಗಳನ್ನು ನೆನಪಿನಲ್ಲಿಯೇ ಬಿಡುವುದು ಒಳ್ಳೆಯದು. ಹಸಿ ಮೊಟ್ಟೆ, ಹಸಿ ಹಿಟ್ಟಿನ ಕಲಸನ್ನು ಬೆರಳಿನಿಂದ ನೆಕ್ಕುವುದರಿಂದ ಸಾಲ್ಮೊನೆಲ್ಲಾದಂತಹ ಸೋಂಕುಗಳು ತಗಲಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದೆ ಉಳಿಯಬಲ್ಲದು. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಅದೃಷ್ಟವಶಾತ್ ಹಳೆಯ ಅನ್ನಕ್ಕೆ ಬೇಕಾದ ಬಿಗಿ ಫ್ರಿಜ್ಜಿನಲ್ಲಿಯೇ ಚೆನ್ನಾಗಿ ಬರುತ್ತದೆ.

ಕಾಗದಕ್ಕೆ ಇಳಿಸುವುದು

ಹದ ಸಿಕ್ಕಿದ ದಿನವೇ ಬರೆದಿಡಿ. ತೂಕ, ಪಾತ್ರೆಯ ಅಡ್ಡಳತೆ ಮತ್ತು ಲೋಹ, ನಿಮಿಷಗಳು, ‘ಅಂಚು ಜೇನಿನ ಬಣ್ಣಕ್ಕೆ ತಿರುಗಿದಾಗ’ ಎಂಬಂತಹ ಗುರುತುಗಳು, ಯಾವ ಕೊರತೆಯಿಂದ ಇದು ಹುಟ್ಟಿತೆಂಬ ಎರಡು ಸಾಲು, ಮನೆಯವರು ಇಟ್ಟ ಹೆಸರು, ಇವಿಷ್ಟೂ ಇರಲಿ. ಆಮೇಲೆ ಆ ತಿನಿಸನ್ನು ನಿಮಗಿಂತ ಮೊದಲು ತಿಂದವರೊಬ್ಬರಿಗೆ ಬಿಸಿಯಾಗಿ ಕೊಡಿ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಪ್ರೀತಿಗಾಗಿ ಹೌದೆನ್ನುತ್ತಾರೆ. ‘ಯಾವುದು ಬೇರೆ ಅನ್ನಿಸುತ್ತದೆ?’ ಎಂದು ಕೇಳಿ, ಅವರು ಹೇಳಿದ್ದನ್ನು ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ. ಮುಂದಿನ ಪ್ರಯತ್ನದಲ್ಲಿ ಬದಲಿಸಬೇಕಾದ ಆ ಒಂದು ಸಂಗತಿ ಅದೇ.