ಟರ್ಕಿಯ ಮೇಷ್ಟ್ರುಗಳನ್ನು ಮಾತಾಡಿಸಿದ್ದು ಸ್ಕೇಲ್ ಅಲ್ಲ, ಕಾರ್ಡು

ನನ್ನ ಸಂಶೋಧನೆ ಶಿಕ್ಷಕರ ಆತ್ಮವಿಶ್ವಾಸ ಮತ್ತು ಹೆಡ್‌ಮಾಸ್ಟರ ನಾಯಕತ್ವದ ಬಗ್ಗೆ. ಪ್ರಶ್ನಾವಳಿ ಬಿಟ್ಟು ಸಣ್ಣ ಕತೆಗಳ ಕಾರ್ಡು ಹಿಡಿದು ಅಂಕಾರಾದ ಶಾಲೆಗಳಿಗೆ ಹೋಗ್ತೀನಿ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. ‘ಕತೆ ಡೇಟಾ ಆಗಲ್ಲ’ ಅಂದರು. ಈಗ ಅಲ್ಲಿನ ಇಬ್ಬರು ಕಿರಿಯ ಸಂಶೋಧಕರು ಅದೇ ಕಾರ್ಡು ಕೇಳಿ ಪಡೆದಿದ್ದಾರೆ.

ಶುರು ಮಾಡಿದ್ದು ಎಲ್ಲರ ಹಾಗೆ ಸ್ಕೇಲ್‌ಗಳಿಂದಲೇ, ಅಂದರೆ ಪ್ರತಿ ಪ್ರಶ್ನೆಗೂ ಒಂದು ಅಂಕ ಗುರುತು ಹಾಕುವ ಪ್ರಶ್ನಾವಳಿಗಳಿಂದ. ಶಿಕ್ಷಕರ ಆತ್ಮವಿಶ್ವಾಸಕ್ಕೆ 24 ಪ್ರಶ್ನೆಗಳದ್ದು, 2005ರ ಟರ್ಕಿಶ್ ರೂಪ. ಹೆಡ್‌ಮಾಸ್ಟರ ನಾಯಕತ್ವಕ್ಕೆ ಸಂಶೋಧಕ ಹಾಲಿಂಜರ್ ಅವರ 50 ಪ್ರಶ್ನೆಗಳದ್ದು. ಉತ್ತರಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಅಂತ ಹೇಳುವ ಆಲ್ಫಾ (ಗರಿಷ್ಠ 1) 0.9 ದಾಟಿತು. ಆದರೆ ಉತ್ತರಗಳೆಲ್ಲ ಮೇಲ್ತುದಿಯಲ್ಲೇ ಗುಂಪುಗಟ್ಟಿದ್ದವು. ಫಾರಂ ಕಟ್ಟು ಹೆಡ್‌ಮಾಸ್ಟರ ಕೈಯಿಂದಲೇ ಹಂಚಿಕೆಯಾಗಿ ಅವರ ಮೇಜಿಗೇ ವಾಪಸ್ ಬರುತ್ತಿತ್ತು, ಇನ್ನೇನಾಗುತ್ತೆ? ಒಂದು ಶಾಲೆಯ ನಲವತ್ತರಷ್ಟು ಫಾರಂಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪೆನ್ನಿನ ಗುರುತು.

ಇನ್ನೊಂದು ತೊಂದರೆ, ಆ ಪ್ರಶ್ನೆಗಳು ಊಹಿಸಿಕೊಂಡ ಹೆಡ್‌ಮಾಸ್ಟರೇ ಬೇರೆ. ಟರ್ಕಿಯಲ್ಲಿ ಶಿಕ್ಷಕರನ್ನು ನೇಮಿಸೋದು ಅಂಕಾರಾದ ಸಚಿವಾಲಯ. ಹೆಡ್‌ಮಾಸ್ಟರ ಅವಧಿ ನಾಲ್ಕು ವರ್ಷ. ಶಾಲೆಯ ಚಿಲ್ಲರೆ ಖರ್ಚು ಬಹುಪಾಲು ನಡೆಯೋದು ‘ಒಕುಲ್ ಆಯ್ಲೆ ಬಿರ್ಲಿಯಿ’ ಎಂಬ ಪೋಷಕರ ಸಂಘದ ದೇಣಿಗೆಯಿಂದ. ಸೋಪು, ಕಾಗದ, ಗುಡಿಸುವವರ ಸಂಬಳ ಹೊಂದಿಸೋದರಲ್ಲೇ ದಿನ ಮುಗಿಯುವ ಮನುಷ್ಯನನ್ನು ಬೋಧನಾ ಗುರಿಗಳ ಪ್ರಶ್ನೆಯಲ್ಲಿ ಹಿಡಿಯೋಕೆ ಆಗಲ್ಲ.

ದುಡ್ಡೂ ಕೈಕೊಟ್ಟಿತು. ನಾನು ಫೀಲ್ಡಿಗೆ ಇಳಿದಿದ್ದು 2021ರಲ್ಲಿ. ಸೆಪ್ಟೆಂಬರಿನಲ್ಲಿ ಡಾಲರಿಗೆ ಎಂಟೂವರೆ ಲಿರಾ ಆಸುಪಾಸು ಇತ್ತು, ಡಿಸೆಂಬರಿನಲ್ಲಿ ಒಮ್ಮೆ 18 ಮುಟ್ಟಿತು. ಸ್ಕಾಲರ್‌ಶಿಪ್ ಲಿರಾದಲ್ಲೇ. ಜೆರಾಕ್ಸ್ ರೇಟು ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ರೆಕಾರ್ಡ್ ಮಾಡಿದ ಮಾತು ಕೇಳಿ ಬರೆದುಕೊಡುವವರು ಗಂಟೆಗೆ ಕೇಳಿದ ದುಡ್ಡಿಗೆ ನನ್ನ ಒಂದು ವಾರದ ಊಟ ಆಗುತ್ತಿತ್ತು. ಕಾರ್ಡುಗಳಿಗೆ ಆದದ್ದು ಒಟ್ಟು 200 ಲಿರಾದೊಳಗೆ.

ಒಂದೊಂದು ಕಾರ್ಡಿನಲ್ಲಿ ನಾಲ್ಕೈದು ಸಾಲು. ‘ನೀವು’, ‘ನಿಮ್ಮ ಹೆಡ್‌ಮಾಸ್ಟರು’ ಎಂಬ ಮಾತೇ ಇಲ್ಲ, ಎಲ್ಲ ಯಾವುದೋ ಊರಿನ ಶಾಲೆ. ಟರ್ಕಿಯಲ್ಲಿ ಪ್ರೈಮರಿ ಟೀಚರ್ ಒಂದರಿಂದ ನಾಲ್ಕನೇ ತರಗತಿವರೆಗೆ ಅದೇ ಮಕ್ಕಳ ಜೊತೆ ಇರ್ತಾರೆ. ಹಾಗಾಗಿ ಒಂದನೇ ತರಗತಿಗೆ ಸೇರಿಸುವಾಗ ‘ಆ ಟೀಚರೇ ಬೇಕು’ ಅಂತ ಪೋಷಕರ ಒತ್ತಡ ಜೋರು. ನನ್ನ ಒಳ್ಳೆಯ ಕಾರ್ಡು ಇದರದ್ದೇ. ಪೋಷಕರು ಹೆಡ್‌ಮಾಸ್ಟರ ಕೋಣೆಯಿಂದ ಹೊರಬರುತ್ತಾರೆ. ಯಾರೂ ಕೇಳದ ಟೀಚರ್ ಕಾರಿಡಾರಿನಲ್ಲಿ ನಿಂತಿದ್ದಾರೆ. ಮುಂದೇನಾಯಿತು? ಅಷ್ಟೇ ಪ್ರಶ್ನೆ. ಸ್ಕೇಲಿನಲ್ಲಿ ಎಲ್ಲದಕ್ಕೂ ಮೇಲ್ತುದಿಯ ಉತ್ತರವನ್ನೇ ಗೀಚಿದ್ದವರು ಅರ್ಧ ಗಂಟೆ ಮಾತಾಡಿದರು.

ಆಮೇಲೆ ಅದೇ ಕಾರ್ಡನ್ನು ಹೆಡ್‌ಮಾಸ್ಟರಿಗೆ ಕೊಟ್ಟು ‘ನಿಮ್ಮ ಶಿಕ್ಷಕರು ಇದನ್ನು ಹೇಗೆ ಮುಗಿಸಬಹುದು?’ ಅಂತ ಕೇಳುತ್ತಿದ್ದೆ. ಎರಡು ಉತ್ತರಗಳ ನಡುವಿನ ಅಂತರವೇ ನನ್ನ ಅಳತೆ. ಕೋಡಿಂಗ್‌ನಲ್ಲಿ, ಅಂದರೆ ಇಬ್ಬರು ಬೇರೆಬೇರೆಯಾಗಿ ಉತ್ತರಗಳಿಗೆ ಹೆಸರು ಹಚ್ಚಿ ವಿಂಗಡಿಸುವಾಗ, ಅವರ ಹೊಂದಾಣಿಕೆ ಮೊದಲು ಶೇ 60ರಷ್ಟಿತ್ತು. ‘ಭಯ’ ಅನ್ನೋ ಒಂದೇ ಕೋಡನ್ನು ಮೂರಾಗಿ ಒಡೆದ ಮೇಲೆ 85ರ ಹತ್ತಿರ ಹೋಯಿತು.

ಸಮಯದ ಗುಟ್ಟು ಹೇಳಿಬಿಡ್ತೀನಿ. ಹತ್ತು ನಿಮಿಷದ ಬಿಡುವಿನಲ್ಲಿ ಹೋಗಬೇಡಿ. ಜೂನ್‌ನಲ್ಲಿ ಮಕ್ಕಳಿಗೆ ರಜೆ ಬಿಟ್ಟ ಮೇಲೂ ಶಿಕ್ಷಕರು ‘ಸೆಮಿನಾರ್’ ಅಂತ ಶಾಲೆಗೆ ಬರಬೇಕು. ಆಗ ಅವರಿಗೆ ಚಹಾ ಉಂಟು, ಪುರುಸೊತ್ತು ಉಂಟು. ಕಾರ್ಡುಗಳ ಕ್ರಮ ಮತ್ತು ಕೊನೆಯ ಕಾರ್ಡಿಗೆ ಮುಂಚೆ ನಾನು ಹೇಳುವ ಒಂದು ವಾಕ್ಯ ಮಾತ್ರ ಲೇಖನ ಪ್ರಕಟವಾಗುವವರೆಗೆ ನನ್ನ ಹತ್ತಿರವೇ ಇರಲಿ.

ನಡುವೆ ಸ್ಟಾಫ್ ರೂಮಿನಲ್ಲಿ ಯಾರು ಎಲ್ಲಿ ಕೂರ್ತಾರೆ ಅಂತ ನಕ್ಷೆ ಬರೆಸಿದೆ. ಕುರ್ಚಿಗಳು ಬಹುತೇಕ ಶಿಕ್ಷಕರ ಯೂನಿಯನ್‌ಗಳ ಪ್ರಕಾರವೇ ಇದ್ದವು! ಪ್ರಾಂತ್ಯದ ಶಿಕ್ಷಣ ಕಚೇರಿಯ ಅನುಮತಿಯಲ್ಲಿ ಇದು ಇರಲಿಲ್ಲ, ಅಲ್ಲಿಗೇ ಬಿಟ್ಟೆ. ಒಳ್ಳೆಯ ವಿಷಯ, ಯಾರಾದರೂ ಮಾಡಿ.

ಸಿಕ್ಕಿದ್ದೇನು? 2016ರ ನಂತರ ಗುತ್ತಿಗೆಯಲ್ಲಿ ಬಂದ ಶಿಕ್ಷಕರಿಗೆ ತರಗತಿಯೊಳಗೆ ತಮ್ಮ ಮೇಲೆ ಗಟ್ಟಿ ನಂಬಿಕೆ. ಹೆಡ್‌ಮಾಸ್ಟರ ಬಾಗಿಲು ತಟ್ಟಬಹುದು ಅನ್ನೋ ನಂಬಿಕೆ ತೀರಾ ಕಡಿಮೆ. ಸ್ಕೇಲಿನಲ್ಲಿ ಎರಡೂ ‘ಹೆಚ್ಚು’ ಅಂತಲೇ ಬಂದಿತ್ತು. ಅಂಕಾರಾ ಪ್ರಾಂತ್ಯದ್ದೇ ಆದ ಪೊಲಾತ್ಲಿ ಕಡೆಯ ಹಳ್ಳಿಗಳಲ್ಲಿ ಕತೆ ಬೇರೆ. ಅಲ್ಲಿನ ಪುಟ್ಟ ಶಾಲೆಗಳಲ್ಲಿ ಪಾಠ ಮಾಡುವ ಶಿಕ್ಷಕರೇ ಹೆಡ್‌ಮಾಸ್ಟರ ಕೆಲಸವನ್ನೂ ನೋಡ್ತಾರೆ. ಅವರು ಮುಗಿಸಿದ ಕತೆಗಳಲ್ಲಿ ಹೆಡ್‌ಮಾಸ್ಟರ್ ಹೆಚ್ಚಾಗಿ ಒಳ್ಳೆಯವರೇ ಆಗಿದ್ದರು.