ಹಾಲ್ ಥ್ರಸ್ಟರ್ ಸ್ಟಾರ್ಟ್ ಮಾಡೋದು ಹೇಗೆ? ಕ್ಯಾಥೋಡ್‌ನಿಂದ ಶುರು ಮಾಡಿ

ಅಯಾನ್‌ಗಳನ್ನ ಚಿಮ್ಮಿಸಿ ಉಪಗ್ರಹವನ್ನ ತಳ್ಳೋ ವಿದ್ಯುತ್ ಎಂಜಿನ್ ಹಾಲ್ ಥ್ರಸ್ಟರ್ ಅಂದ್ರೆ ಎಲ್ರಿಗೂ ಆ ನೀಲಿ ಬೆಳಕಿನ ಫೋಟೋನೇ ನೆನಪಾಗೋದು, ಆದ್ರೆ ಪಕ್ಕದಲ್ಲಿರೋ, ಎಲೆಕ್ಟ್ರಾನ್ ಹೊರಬಿಡೋ ಚಿಕ್ಕ ಕ್ಯಾಥೋಡ್ ಕೆಲಸ ಮಾಡ್ಲಿಲ್ಲ ಅಂದ್ರೆ ಆ ಬೆಳಕೂ ಇಲ್ಲ, ಥ್ರಸ್ಟೂ ಇಲ್ಲ. ಇಂಧನವಾಗಿ ಬಳಸೋ ಕ್ಸೆನಾನ್ ಗ್ಯಾಸಿನ ಪರಮಾಣುವಿಂದ ಒಂದು ಎಲೆಕ್ಟ್ರಾನ್ ಕಿತ್ತು ಅಯಾನ್ ಮಾಡೋಕೆ 12.1 ಎಲೆಕ್ಟ್ರಾನ್‌ವೋಲ್ಟ್ ಬೇಕು, ಅದಕ್ಕೆ ಗುದ್ದೋ ಎಲೆಕ್ಟ್ರಾನ್‌ಗಳು ಮೊದ್ಲು ಬರೋದು ಈ ಕ್ಯಾಥೋಡ್‌ನಿಂದಾನೇ, ಹೊರಗೆ ಹೋಗೋ ಅಯಾನ್‌ಗಳನ್ನ ನ್ಯೂಟ್ರಲ್ ಮಾಡೋದೂ ಇದೇ. ರಷ್ಯಾದ ಎಸ್‌ಪಿಟಿ-100 ಥ್ರಸ್ಟರ್‌ಗೆ ಎರಡು ಕ್ಯಾಥೋಡ್ ಇಟ್ಟಿರೋದು ಸುಮ್ನೆ ಅಲ್ಲ, ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ ಅಂತ.

ಮೊದ್ಲು ಎಮಿಟರ್, ಅಂದ್ರೆ ಕ್ಯಾಥೋಡ್ ಒಳಗೆ ಕಾದು ಎಲೆಕ್ಟ್ರಾನ್ ಬಿಡೋ ಭಾಗ, ಯಾವುದು ಅಂತ ತಿಳ್ಕೊಳ್ಳಿ. ಬೇರಿಯಂ ಸೇರಿಸಿದ ಟಂಗ್‌ಸ್ಟನ್ ಆದ್ರೆ ಸುಮಾರು 1000ದಿಂದ 1100 ಡಿಗ್ರಿ ಸೆಲ್ಸಿಯಸ್‌ಗೇ ಕೆಲಸ ಮಾಡುತ್ತೆ, ಆದ್ರೆ ಆಮ್ಲಜನಕ, ನೀರಾವಿ ತಗುಲಿದ್ರೆ ಹಾಳಾಗುತ್ತೆ. ಲ್ಯಾಂಥನಮ್ ಹೆಕ್ಸಾಬೋರೈಡ್‌ಗೆ 1600 ಡಿಗ್ರಿ ಹತ್ತಿರ ಬೇಕು, ಆದ್ರೆ ಕೊಳೆ ಗ್ಯಾಸನ್ನ ಹೆಚ್ಚು ತಡ್ಕೊಳ್ಳುತ್ತೆ. ಲ್ಯಾಬ್‌ನಲ್ಲಿ ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು ಎರಡನೇದೇ. ಒಂದು ಎಚ್ಚರ, ಬಿಸಿಯಾದಾಗ ಅದ್ರ ಬೋರಾನ್ ಲೋಹದೊಳಗೆ ಸೇರ್ಕೊಂಡು ಲೋಹವನ್ನೇ ಪೆಡಸು ಮಾಡುತ್ತೆ, ಹಾಗಾಗಿ ಅದು ಮುಟ್ಟೋ ಜಾಗದಲ್ಲಿ ಗ್ರಾಫೈಟ್ ಇಡ್ತಾರೆ.

ಚೇಂಬರ್ ವ್ಯಾಕ್ಯೂಮ್ ಚೆನ್ನಾಗಿ ಬಂದ್ಮೇಲೆ ಕ್ಸೆನಾನ್ ಲೈನಲ್ಲಿ ಉಳಿದಿರೋ ಗಾಳಿನೆಲ್ಲ ಹೊರಗೆ ಎಳ್ದುಬಿಡಿ, ಇದನ್ನ ಅರ್ಧಕ್ಕೆ ಬಿಟ್ರೆ ಮುಂದಿನ ಯಾವ ಸ್ಟೆಪ್ಪೂ ಉಳಿಸಲ್ಲ. ಆಮೇಲೆ ಹೀಟರ್ ಕರೆಂಟನ್ನ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಬೇರಿಯಂ ಎಮಿಟರ್ ಹೊಸದಾದ್ರೆ ಕಡಿಮೆ ಉಷ್ಣತೆಯಲ್ಲೇ ಗಂಟೆಗಟ್ಲೆ ನಿಲ್ಸಬೇಕು, ಒಳಗಿರೋ ನೀರು, ಗ್ಯಾಸ್ ಹೊರಗೆ ಹೋಗ್ಲಿ ಅಂತ.

ಎಮಿಟರ್ ಕಾದ್ಮೇಲೆ ಕ್ಸೆನಾನ್ ಬಿಡಿ, ಆಮೇಲೆ ಮುಂದೆ ಇರೋ ಕೀಪರ್ ಎಲೆಕ್ಟ್ರೋಡ್‌ಗೆ ವೋಲ್ಟೇಜ್ ಕೊಡಿ. ಹೊತ್ತೋಕೆ ನೂರಾರು ವೋಲ್ಟ್ ಬೇಕಾಗ್ಬಹುದು, ಹೊತ್ತಿದ ತಕ್ಷಣ ಅದು ಹತ್ತಿಪ್ಪತ್ತು ವೋಲ್ಟ್‌ ಆಸುಪಾಸಿಗೆ ದಬಕ್ಕನೆ ಬೀಳುತ್ತೆ, ಅದನ್ನ ನೋಡಿದ್ರೆ ಡಿಸ್‌ಚಾರ್ಜ್ (ಗ್ಯಾಸ್ ಮೂಲಕ ಕರೆಂಟ್ ಹರಿಯೋದು) ಹಿಡ್ಕೊಂಡಿದೆ ಅಂತ ಗೊತ್ತಾಗುತ್ತೆ, ಕೀಪರ್‌ನ ಪವರ್ ಸಪ್ಲೈ ಆ ಬದಲಾವಣೆನ ತಡ್ಕೊಳ್ಳೋ ಹಾಗೆ ಕರೆಂಟ್ ಲಿಮಿಟ್ ಇಟ್ಟಿರ್ಬೇಕು. ಅಲ್ಲಿಂದ ಪ್ಲಾಸ್ಮಾದ (ಅಯಾನ್, ಎಲೆಕ್ಟ್ರಾನ್ ಬೆರೆತ ಗ್ಯಾಸ್) ಅಯಾನ್‌ಗಳೇ ಎಮಿಟರ್‌ಗೆ ಬಡ್ದು ಅದನ್ನ ಬಿಸಿ ಇಡ್ತವೆ, ಹೀಟರ್ ಆಫ್ ಮಾಡ್ಬಹುದು.

ಇನ್ನು ಆನೋಡ್ ಕಡೆ, ಅಂದ್ರೆ ಥ್ರಸ್ಟರ್ ಒಳಗಿನ ಪಾಸಿಟಿವ್ ಎಲೆಕ್ಟ್ರೋಡ್. ಗ್ಯಾಸ್ ಬಿಡಿ, ಮ್ಯಾಗ್ನೆಟ್ ಕಾಯಿಲ್ ಸೆಟ್ ಮಾಡಿ, ಡಿಸ್‌ಚಾರ್ಜ್ ವೋಲ್ಟೇಜ್ ಏರಿಸಿ, ಎಸ್‌ಪಿಟಿ-100ಗೆ ಅದು 300 ವೋಲ್ಟ್, 4.5 ಆಂಪಿಯರ್. ಹೊತ್ತೋ ಕ್ಷಣ ಕರೆಂಟ್ ಒಂದು ಸಲ ಜೋರಾಗಿ ನೆಗೆಯುತ್ತೆ, ಆಮೇಲೆ ಇಳಿದು ನಿಲ್ಲಬೇಕು.

ಕ್ಯಾಥೋಡ್ ಗ್ಯಾಸನ್ನ ಉಳಿಸೋಕೆ ಹೋಗಿ ತೀರಾ ಕಮ್ಮಿ ಮಾಡ್ಬೇಡಿ. ಆಗ ಕೀಪರ್ ವೋಲ್ಟೇಜ್ ಕುಣಿಯೋಕೆ ಶುರು ಆಗುತ್ತೆ, ಇದಕ್ಕೆ ಪ್ಲೂಮ್ ಮೋಡ್ ಅಂತಾರೆ, ಹೆಚ್ಚು ಶಕ್ತಿಯ ಅಯಾನ್‌ಗಳು ಹುಟ್ಟಿ ಕೀಪರನ್ನ ಸವೆಸ್ತವೆ. ಆನೋಡ್ ಹರಿವಿನ 5ರಿಂದ 10 ಶೇಕಡಾ ಕ್ಯಾಥೋಡ್‌ಗೆ ಕೊಡೋದು ಸಾಮಾನ್ಯ.

ನಿಲ್ಲಿಸುವಾಗ ಆನೋಡ್ ಆಫ್, ಕೀಪರ್ ಆಫ್, ಆದ್ರೆ ಕ್ಯಾಥೋಡ್ ತಣ್ಣಗಾಗೋವರೆಗೆ ಚೇಂಬರ್‌ಗೆ ಗಾಳಿ ಮಾತ್ರ ಬಿಡ್ಲೇಬೇಡಿ, ಎಮಿಟರ್ ಯಾವುದೇ ಆಗ್ಲಿ.